ಇಂಗ್ಲಿಷ್ ಮೇಜರ್ ವಿದ್ಯಾರ್ಥಿಗಳಿಗೆ ಭಾಷಾ ಸಾಮರ್ಥ್ಯ ಪರೀಕ್ಷೆ ರೂಪಿಸುವುದು ಹೇಗೆ: ಅಧ್ಯಾಪಕರಿಗೊಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದುವ ಪದವಿ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರಿನಲ್ಲೂ ಕಾವ್ಯ, ಕಾದಂಬರಿ, ವಿಮರ್ಶೆ, ಭಾಷಾವಿಜ್ಞಾನ ಎಂದು ಒಂದರ ಹಿಂದೊಂದು ಪರೀಕ್ಷೆ ಬರೆಯುತ್ತಾರೆ. ಅವರು ಹಿಂದೆಂದೂ ಕಾಣದ ಒಂದು ಲೇಖನವನ್ನು ಯಾರ ನೆರವೂ ಇಲ್ಲದೆ ಓದಿ ಅದರ ವಾದವನ್ನು ಹಿಡಿಯಬಲ್ಲರೆ, ಒಂದು ಉಪನ್ಯಾಸವನ್ನು ಕೇಳುತ್ತಲೇ ಟಿಪ್ಪಣಿ ಮಾಡಿಕೊಳ್ಳಬಲ್ಲರೆ, ಸಿದ್ಧ ಉತ್ತರವಿಲ್ಲದ ಪ್ರಶ್ನೆಗೆ ಎರಡು ನಿಮಿಷ ನೇರವಾಗಿ ಮಾತಾಡಬಲ್ಲರೆ ಎಂಬುದನ್ನು ಮಾತ್ರ ಆ ಅಂಕಪಟ್ಟಿಗಳು ಹೇಳುವುದಿಲ್ಲ. ಒಂದು ನಾಟಕದ ಮೇಲೆ ಹತ್ತು ಪುಟ ಬರೆದು ಪ್ರಥಮ ದರ್ಜೆ ಪಡೆದವರು ಒಂದು ಸಾಮಾನ್ಯ ಪತ್ರವನ್ನು ತಪ್ಪಿಲ್ಲದೆ ಬರೆಯಲು ಪರದಾಡುವುದನ್ನು ಭಾಷಾ ವಿಭಾಗದಲ್ಲಿ ಪಾಠ ಮಾಡಿದ ಯಾರಾದರೂ ಕಂಡಿರುತ್ತಾರೆ. ಭಾಷೆಯ ಬಗ್ಗೆ ಇರುವ ತಿಳಿವಳಿಕೆ ಬೇರೆ, ಭಾಷೆಯನ್ನು ಬಳಸುವ ಸಾಮರ್ಥ್ಯ ಬೇರೆ. ಮೊದಲನೆಯದನ್ನು ಅಳೆಯಲು ವಿಷಯವಾರು ಪರೀಕ್ಷೆಗಳಿವೆ. ಎರಡನೆಯದಕ್ಕೆ ವಿಭಾಗವೇ ಮುತುವರ್ಜಿ ವಹಿಸಿ ಪ್ರತ್ಯೇಕ ಪರೀಕ್ಷೆಯೊಂದನ್ನು ಕಟ್ಟಬೇಕಾಗುತ್ತದೆ. ಅದನ್ನು ಕಟ್ಟುವ ಕೆಲಸವನ್ನು ಮೊದಲ ಹೆಜ್ಜೆಯಿಂದ ಫಲಿತಾಂಶದವರೆಗೆ ಇಲ್ಲಿ ವಿವರಿಸಿದ್ದೇನೆ.

ಇಂಥ ಪರೀಕ್ಷೆಗೆ ದೀರ್ಘ ಇತಿಹಾಸವಿದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ 1913ರಲ್ಲಿ ಇಂಗ್ಲಿಷ್ ಕಲಿಸಲು ಹೊರಟ ವಿದೇಶಿಯರಿಗಾಗಿ ಪ್ರೊಫಿಷಿಯೆನ್ಸಿ ಪರೀಕ್ಷೆಯನ್ನು ಆರಂಭಿಸಿದಾಗ ಕುಳಿತವರು ಮೂವರೇ, ಮೂವರೂ ಅನುತ್ತೀರ್ಣರಾದರು. ಅನುವಾದ, ವ್ಯಾಕರಣ, ಧ್ವನಿಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಪ್ರಬಂಧ, ಉಕ್ತಲೇಖನ, ಸಂಭಾಷಣೆ ಎಲ್ಲವೂ ಸೇರಿ ಆ ಪರೀಕ್ಷೆ ಸುಮಾರು 12 ಗಂಟೆ ನಡೆಯುತ್ತಿತ್ತು. ಚೀನಾದಲ್ಲಿ ಇಂದು ಇತರ ವಿಭಾಗಗಳ ವಿದ್ಯಾರ್ಥಿಗಳಿಗೆ ಸಿಇಟಿ (ಕಾಲೇಜ್ ಇಂಗ್ಲಿಷ್ ಟೆಸ್ಟ್) ಎಂಬ ಪರೀಕ್ಷೆ ಇದ್ದರೆ, ಇಂಗ್ಲಿಷ್ ಮೇಜರ್ ವಿದ್ಯಾರ್ಥಿಗಳಿಗೆಂದೇ ಟೆಮ್ (ಟೆಸ್ಟ್ ಫಾರ್ ಇಂಗ್ಲಿಷ್ ಮೇಜರ್ಸ್) ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ನಾಲ್ಕನೆಯ ಸೆಮಿಸ್ಟರಿನಲ್ಲಿ ಟೆಮ್-4, ಎಂಟನೆಯ ಸೆಮಿಸ್ಟರಿನಲ್ಲಿ ಟೆಮ್-8 ನಡೆಯುತ್ತದೆ. 60 ಅಂಕಕ್ಕೆ ತೇರ್ಗಡೆ, 70ಕ್ಕೆ ಉತ್ತಮ, 80ಕ್ಕೆ ಅತ್ಯುತ್ತಮ ಎಂಬ ಶ್ರೇಣಿಗಳಿವೆ. ಭಾಷೆಯನ್ನೇ ವೃತ್ತಿಯಾಗಿಸಿಕೊಳ್ಳುವವರಿಂದ ನಿರೀಕ್ಷಿಸುವುದು ಬೇರೆಯದೇ ಎಂಬ ತಿಳಿವಳಿಕೆ ಈ ಎರಡೂ ಪರೀಕ್ಷೆಗಳ ಹಿಂದಿದೆ.

ಮೊದಲ ಹೆಜ್ಜೆ: ಅಂಕದಿಂದ ಏನು ತೀರ್ಮಾನವಾಗಬೇಕು?

ಪ್ರಶ್ನೆ ಬರೆಯಲು ಕೂರುವ ಮೊದಲು ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆಯಿರಿ: ‘ಈ ಪರೀಕ್ಷೆಯ ಅಂಕವನ್ನು ಇಟ್ಟುಕೊಂಡು ನಾವು ಇಂಥ ತೀರ್ಮಾನ ಮಾಡುತ್ತೇವೆ.’ ಹೊಸದಾಗಿ ಸೇರಿದವರನ್ನು ಮಟ್ಟಕ್ಕೆ ತಕ್ಕ ತರಗತಿಗಳಿಗೆ ಹಂಚುವುದೆ? ಎರಡನೆಯ ವರ್ಷದ ಕೊನೆಗೆ ಯಾರಿಗೆ ಹೆಚ್ಚುವರಿ ಬೋಧನೆ ಬೇಕು ಎಂದು ಗುರುತಿಸುವುದೆ? ಪದವಿ ಮುಗಿಸುವವರಿಗೆ ಪ್ರಮಾಣಪತ್ರ ಕೊಡುವುದೆ? ಈ ಮೂರಕ್ಕೂ ಒಂದೇ ಪ್ರಶ್ನೆಪತ್ರಿಕೆ ಸಾಲದು. ತರಗತಿಗೆ ಹಂಚುವ ಪರೀಕ್ಷೆ ಒಂದು ಗಂಟೆಯಲ್ಲಿ ಮುಗಿದು ಸಂಜೆಯೊಳಗೆ ಫಲಿತಾಂಶ ಕೊಟ್ಟರೆ ಸಾಕು, ಏಕೆಂದರೆ ಅದರಲ್ಲಾದ ತಪ್ಪನ್ನು ಮುಂದಿನ ವಾರವೇ ತರಗತಿ ಬದಲಿಸಿ ಸರಿಪಡಿಸಬಹುದು. ಪ್ರಮಾಣಪತ್ರದ ಪರೀಕ್ಷೆಯಲ್ಲಾದ ತಪ್ಪನ್ನು ಹಾಗೆ ಸರಿಪಡಿಸಲಾಗುವುದಿಲ್ಲ. ಆದ್ದರಿಂದ ಅದಕ್ಕೆ ಹೆಚ್ಚು ಪ್ರಶ್ನೆಗಳು, ಇಬ್ಬರು ಮೌಲ್ಯಮಾಪಕರು ಮತ್ತು ಮರುಪರಿಶೀಲನೆಯ ಅವಕಾಶ ಬೇಕೇ ಬೇಕು.

ಇದೇ ಹಂತದಲ್ಲಿ ಮತ್ತೊಂದು ಗೆರೆಯನ್ನೂ ಎಳೆಯಬೇಕು. ಸಾಮರ್ಥ್ಯ ಪರೀಕ್ಷೆ ಪಠ್ಯಕ್ರಮಕ್ಕೆ ಕಟ್ಟುಬಿದ್ದದ್ದಲ್ಲ. ತರಗತಿಯಲ್ಲಿ ಪಾಠವಾದ ಕವಿತೆಯನ್ನೋ ಕಥೆಯನ್ನೋ ಓದುವ ಭಾಗಕ್ಕೆ ಕೊಟ್ಟರೆ ಅಲ್ಲಿ ಅಳತೆಯಾಗುವುದು ನೆನಪು. ನಾನು ಸೇರಿಕೊಂಡಿದ್ದ ಒಂದು ಸಮಿತಿ ಮೊದಲ ವರ್ಷ ಇದೇ ತಪ್ಪು ಮಾಡಿತು. ಪ್ರಸಿದ್ಧ ಕಾದಂಬರಿಯೊಂದರ ಆರಂಭದ ಭಾಗವನ್ನು ಕೊಟ್ಟಿದ್ದೆವು. ಆ ಕಾದಂಬರಿಯ ಗೈಡು ಓದಿದ್ದವರು ಗದ್ಯಭಾಗದ ಕಡೆ ಕಣ್ಣು ಹಾಯಿಸದೆಯೇ ಉತ್ತರ ಬರೆದಿದ್ದರು, ಅದನ್ನು ಓದಿರದಿದ್ದ ಒಳ್ಳೆಯ ಓದುಗರು ಹಿಂದೆ ಬಿದ್ದಿದ್ದರು. ಉತ್ತರಪತ್ರಿಕೆಗಳು ಕೈಗೆ ಬಂದ ಮೇಲಷ್ಟೇ ನಮಗೆ ಅದು ಹೊಳೆಯಿತು, ಅಷ್ಟರಲ್ಲಿ ಕಾಲ ಮಿಂಚಿತ್ತು.

ಎರಡನೆಯ ಹೆಜ್ಜೆ: ಮಟ್ಟವನ್ನು ಮಾತಿನಲ್ಲಿ ವಿವರಿಸಿ

‘ಉತ್ತಮ ಇಂಗ್ಲಿಷ್’ ಎಂದರೆ ಏನೆಂದು ವಿಭಾಗದ ಐವರು ಅಧ್ಯಾಪಕರನ್ನು ಕೇಳಿದರೆ ಐದು ಉತ್ತರ ಬರುತ್ತವೆ. ಎಲ್ಲರೂ ಒಪ್ಪುವ ಒಂದು ಅಳತೆಗೋಲು ಬೇಕಾಗುತ್ತದೆ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಸಾಮಾನ್ಯ ಚೌಕಟ್ಟು, ಅಂದರೆ ಸಿಇಎಫ್‌ಆರ್, ಎ1ರಿಂದ ಸಿ2ರವರೆಗೆ ಆರು ಮಟ್ಟಗಳನ್ನು ‘ಇದನ್ನು ಮಾಡಬಲ್ಲರು’ ಎಂಬ ಮಾದರಿಯ ವಾಕ್ಯಗಳಲ್ಲಿ ವಿವರಿಸುತ್ತದೆ. ಬಿ2 ಮಟ್ಟದವರು ಸಂಕೀರ್ಣ ಬರಹವೊಂದರ ಮುಖ್ಯ ವಿಚಾರಗಳನ್ನು ಗ್ರಹಿಸಬಲ್ಲರು. ಸಿ1 ಮಟ್ಟದವರು ದೀರ್ಘವೂ ಕಠಿಣವೂ ಆದ ಬರಹಗಳನ್ನು ಓದಿ ಅಲ್ಲಿ ನೇರವಾಗಿ ಹೇಳದೆ ಬಿಟ್ಟ ಅರ್ಥವನ್ನೂ ಗುರುತಿಸಬಲ್ಲರು, ಪದಕ್ಕಾಗಿ ತಡಕಾಡದೆ ನಿರರ್ಗಳವಾಗಿ ಮಾತಾಡಬಲ್ಲರು. 2020ರ ಪೂರಕ ಸಂಪುಟದಲ್ಲಿ ಒಬ್ಬರು ಹೇಳಿದ್ದನ್ನು ಮತ್ತೊಬ್ಬರಿಗೆ ತಿಳಿಯುವಂತೆ ದಾಟಿಸುವ ಕೌಶಲಕ್ಕೂ ವಿವರವಾದ ವಾಕ್ಯಗಳಿವೆ. ಅನುವಾದಕರೂ ಅಧ್ಯಾಪಕರೂ ಆಗಲಿರುವ ವಿದ್ಯಾರ್ಥಿಗಳಿಗೆ ಆ ಭಾಗ ಬಹಳ ಮುಖ್ಯವಾದದ್ದು ಎಂದು ನನ್ನ ಅನಿಸಿಕೆ.

ಭಾಷಾ ಪದವಿಯ ಮಧ್ಯಭಾಗದಲ್ಲಿ ಬಿ2, ಕೊನೆಯಲ್ಲಿ ಸಿ1 ಎಂದು ಗುರಿಯಿಡುವುದು ಸಮಂಜಸ. ಗುರಿ ಯಾವುದೇ ಇರಲಿ, ಚೌಕಟ್ಟಿನ ವಾಕ್ಯಗಳನ್ನು ಹಾಗೆಯೇ ನಕಲು ಮಾಡದೆ, ನಿಮ್ಮ ವಿದ್ಯಾರ್ಥಿಗಳು ನಿಜವಾಗಿ ಮಾಡಬೇಕಾದ ಕೆಲಸಗಳಿಗೆ ಹೊಂದಿಸಿ ಹತ್ತು ಹನ್ನೆರಡು ವಾಕ್ಯಗಳಲ್ಲಿ ಬರೆದುಕೊಳ್ಳಿ. ‘ಒಂದು ವಿಮರ್ಶಾ ಲೇಖನವನ್ನು ಓದಿ, ಅದರ ನಿಲುವನ್ನೂ ಅದಕ್ಕೆ ಕೊಟ್ಟ ಆಧಾರವನ್ನೂ 120 ಪದಗಳಲ್ಲಿ ಸ್ವಂತ ಮಾತಿನಲ್ಲಿ ಸಂಗ್ರಹಿಸಬಲ್ಲರು’ ಎಂಬಂಥ ವಾಕ್ಯ ಕೈಯಲ್ಲಿದ್ದರೆ ಪ್ರಶ್ನೆ ಅರ್ಧ ಬರೆದಂತೆಯೇ.

ಮೂರನೆಯ ಹೆಜ್ಜೆ: ನೀಲನಕ್ಷೆ

ಪರೀಕ್ಷೆಯ ಭಾಗಗಳು, ಪ್ರತಿ ಭಾಗಕ್ಕೆ ಸಮಯ, ಪ್ರಶ್ನೆಗಳ ಸಂಖ್ಯೆ ಮತ್ತು ಬಗೆ, ಬರಹಗಳ ಉದ್ದ, ಅಂಕಗಳ ಹಂಚಿಕೆ, ಇವೆಲ್ಲವನ್ನೂ ಒಂದು ಕೋಷ್ಟಕದಲ್ಲಿ ಇಳಿಸಿ. ಮುಂದಿನ ವರ್ಷ ಬೇರೆ ಅಧ್ಯಾಪಕರು ಅದನ್ನೇ ಹಿಡಿದು ಪ್ರಶ್ನೆಪತ್ರಿಕೆ ರಚಿಸಿದರೆ ಎರಡೂ ವರ್ಷದ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಗಬೇಕು. ನೀಲನಕ್ಷೆಯ ಉಪಯೋಗವೇ ಅದು. ಪದವಿಯ ಕೊನೆಯ ಪರೀಕ್ಷೆಗೆ ನಾನು ಒಪ್ಪುವ ಹಂಚಿಕೆ ಹೀಗಿದೆ: ಓದಿಗೆ 60 ನಿಮಿಷ, ಆಲಿಸುವಿಕೆಗೆ 35 ನಿಮಿಷ, ಬರವಣಿಗೆಗೆ 75 ನಿಮಿಷ, ಭಾಷಾ ಬಳಕೆಗೆ 20 ನಿಮಿಷ, ಬೇರೊಂದು ದಿನ ಮಾತಿನ ಪರೀಕ್ಷೆಗೆ ತಲಾ 12ರಿಂದ 15 ನಿಮಿಷ. ಅಂಕಗಳನ್ನು ಓದು, ಆಲಿಸುವಿಕೆ, ಬರವಣಿಗೆ, ಮಾತು ಈ ನಾಲ್ಕಕ್ಕೂ ಬಹುಮಟ್ಟಿಗೆ ಸಮನಾಗಿ ಹಂಚಿ, ಭಾಷಾ ಬಳಕೆಗೆ ಅವುಗಳಿಗಿಂತ ಕಡಿಮೆ ಕೊಡುವುದು ಒಳ್ಳೆಯದು.

ಮಾತಿನ ಪರೀಕ್ಷೆಯನ್ನು ‘ಸಮಯವಿಲ್ಲ’ ಎಂದು ಕೈಬಿಡಲು ಎಲ್ಲ ವಿಭಾಗಗಳಲ್ಲೂ ಒತ್ತಡವಿರುತ್ತದೆ. ದಯವಿಟ್ಟು ಅದಕ್ಕೆ ಮಣಿಯಬೇಡಿ. ಪರೀಕ್ಷೆಯಲ್ಲಿಲ್ಲದ್ದನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡುವುದಿಲ್ಲ, ಅಧ್ಯಾಪಕರೂ ಕ್ರಮೇಣ ಕಲಿಸುವುದನ್ನು ಬಿಡುತ್ತಾರೆ. ಪರೀಕ್ಷೆ ಬೋಧನೆಯ ಮೇಲೆ ಬೀರುವ ಈ ಹಿಮ್ಮುಖ ಪ್ರಭಾವವನ್ನು ಭಾಷಾ ಪರೀಕ್ಷೆಯ ಕ್ಷೇತ್ರದಲ್ಲಿ ವಾಶ್‌ಬ್ಯಾಕ್ ಎನ್ನುತ್ತಾರೆ, ಮತ್ತು ಎಲ್ಲಕ್ಕಿಂತ ಹೆಚ್ಚು ನೋವಾಗುವಂತೆ ಅದು ಕಾಣಿಸುವುದು ಮಾತಿನ ವಿಷಯದಲ್ಲೇ.

ನಾಲ್ಕನೆಯ ಹೆಜ್ಜೆ: ಓದು ಮತ್ತು ಆಲಿಸುವಿಕೆಯ ಪ್ರಶ್ನೆಗಳು

ಬರಹದ ಆಯ್ಕೆಗೆ ಪ್ರಶ್ನೆ ಬರೆಯುವುದಕ್ಕಿಂತ ಹೆಚ್ಚು ಸಮಯ ಕೊಡಿ. ಪ್ರಬಂಧ, ವೈಜ್ಞಾನಿಕ ವಿವರಣೆ, ಅಭಿಪ್ರಾಯ ಲೇಖನ, ಸೃಜನಶೀಲ ಗದ್ಯ ಹೀಗೆ ಬಗೆಬಗೆಯ ಮೂರು ನಾಲ್ಕು ಬರಹಗಳಿರಲಿ. ಯಾರದೋ ವಿಶೇಷ ವಿಷಯಜ್ಞಾನಕ್ಕೆ ಅನುಕೂಲವಾಗುವ ಬರಹ ಬೇಡ. ಪದಗಳ ಕಷ್ಟವನ್ನು ಅಂದಾಜು ಮಾಡುವಾಗ ಪದಸಂಪತ್ತಿನ ಸಂಶೋಧಕ ಪಾಲ್ ನೇಶನ್ ಅವರ 2006ರ ಅಧ್ಯಯನವನ್ನು ನೆನಪಿನಲ್ಲಿಡಬಹುದು. ಒಂದು ಬರಹದ ಶೇ. 98ರಷ್ಟು ಪದಗಳು ಓದುಗರಿಗೆ ಪರಿಚಿತವಾಗಿರಬೇಕಾದರೆ, ಸಾಮಾನ್ಯ ಕಾದಂಬರಿ ಪತ್ರಿಕೆಗಳ ಮಟ್ಟಕ್ಕೆ 8,000ದಿಂದ 9,000 ಪದಕುಟುಂಬಗಳ ಪರಿಚಯ ಬೇಕೆಂದೂ, ಆಡುಮಾತಿಗೆ 6,000ದಿಂದ 7,000 ಸಾಕೆಂದೂ ಅವರು ಲೆಕ್ಕ ಹಾಕಿದ್ದಾರೆ. ಪದಕುಟುಂಬ ಎಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ. ಹತ್ತಾರು ಅಪರೂಪದ ಪದಗಳಿರುವ ಒಂದು ಪುಟದ ಬರಹವನ್ನು ಕೊಟ್ಟರೆ ಅದು ಓದಿನ ಪರೀಕ್ಷೆಯಾಗಿ ಉಳಿಯದೆ ನಿಘಂಟಿನ ಪರೀಕ್ಷೆಯಾಗಿಬಿಡುತ್ತದೆ.

ಬಹು ಆಯ್ಕೆಯ ಪ್ರಶ್ನೆ ಬರೆಯುವುದು ನೋಡಲು ಸುಲಭ, ಮಾಡಲು ಕಷ್ಟ. ಸರಿಯುತ್ತರ ಉಳಿದ ಮೂರಕ್ಕಿಂತ ಉದ್ದವಾಗಿದ್ದರೆ, ಅಥವಾ ‘ಬಹುಮಟ್ಟಿಗೆ’, ‘ಕೆಲವೊಮ್ಮೆ’ ಎಂಬಂಥ ಎಚ್ಚರಿಕೆಯ ಪದ ಅದರಲ್ಲಿ ಮಾತ್ರ ಇದ್ದರೆ, ಪರೀಕ್ಷೆಗಳಲ್ಲಿ ಪಳಗಿದ ವಿದ್ಯಾರ್ಥಿ ಓದದೆಯೇ ಅದನ್ನು ಗುರುತು ಮಾಡುತ್ತಾನೆ. ತಪ್ಪು ಆಯ್ಕೆಗಳು ಅಡ್ಡಾದಿಡ್ಡಿಯಾಗಿರಬಾರದು. ಬರಹವನ್ನು ಅರ್ಧ ಅರ್ಥಮಾಡಿಕೊಂಡವರು ನಿಜವಾಗಿ ಎಲ್ಲಿ ಎಡವುತ್ತಾರೋ ಅಲ್ಲಿಂದ ಅವು ಹುಟ್ಟಬೇಕು. ಅದಕ್ಕೆ ನಾನು ಅನುಸರಿಸುವ ಉಪಾಯವಿದು: ಅದೇ ಪ್ರಶ್ನೆಯನ್ನು ಮೊದಲು ಆಯ್ಕೆಗಳಿಲ್ಲದೆ ಇಪ್ಪತ್ತು ವಿದ್ಯಾರ್ಥಿಗಳಿಗೆ ಕೊಟ್ಟು ಉತ್ತರ ಬರೆಸುತ್ತೇನೆ, ಅವರು ಬರೆದ ತಪ್ಪುತ್ತರಗಳನ್ನೇ ಆಯ್ಕೆಗಳನ್ನಾಗಿ ಮಾಡುತ್ತೇನೆ.

ಇನ್ನೊಂದು ಪರಿಶೀಲನೆಯನ್ನು ಎಂದಿಗೂ ಬಿಡಬೇಡಿ. ಪ್ರಶ್ನೆಗಳನ್ನು ಮಾತ್ರ, ಗದ್ಯಭಾಗವಿಲ್ಲದೆ ಅಥವಾ ಧ್ವನಿಮುದ್ರಿಕೆ ಕೇಳಿಸದೆ, ಸಹೋದ್ಯೋಗಿಯೊಬ್ಬರಿಗೆ ಕೊಟ್ಟು ಉತ್ತರಿಸಲು ಹೇಳಿ. ನಾಲ್ಕು ಆಯ್ಕೆಗಳ 20 ಪ್ರಶ್ನೆಗಳಲ್ಲಿ ಬರಿ ಊಹೆಯಿಂದ ಐದು ಸರಿಯಾಗುವುದು ಸಹಜ. ಹನ್ನೆರಡು ಸರಿಯಾದರೆ ಆ ಪ್ರಶ್ನೆಗಳು ತಮ್ಮ ಉತ್ತರವನ್ನು ತಾವೇ ಬಿಟ್ಟುಕೊಡುತ್ತಿವೆ ಎಂದು ಅರ್ಥ.

ಆಲಿಸುವಿಕೆಗೆ ಉಪನ್ಯಾಸದ ಒಂದು ತುಣುಕು, ಸಂದರ್ಶನ, ಇಬ್ಬರು ಮೂವರ ಚರ್ಚೆ ಇವು ಸೂಕ್ತ. ಬರೆದಿಟ್ಟದ್ದನ್ನು ಓದಿಸಿ ಮುದ್ರಿಸಿದರೆ ಅದು ಓದಿನಂತೆಯೇ ಕೇಳಿಸುತ್ತದೆ. ಆದ್ದರಿಂದ ಮಾತಾಡುವವರ ಕೈಗೆ ಅಂಶಗಳ ಪಟ್ಟಿ ಮಾತ್ರ ಕೊಟ್ಟು ಸ್ವಂತ ಮಾತಿನಲ್ಲಿ ಹೇಳಲು ಬಿಡಿ. ತಡವರಿಕೆ, ಪುನರುಕ್ತಿ, ಅರ್ಧಕ್ಕೆ ನಿಂತ ವಾಕ್ಯಗಳು ಇರಲಿ. ಒಮ್ಮೆ ಕೇಳಿಸಬೇಕೆ, ಎರಡು ಬಾರಿಯೆ ಎಂಬುದನ್ನು ನೀಲನಕ್ಷೆಯಲ್ಲೇ ತೀರ್ಮಾನಿಸಿ. ವಿದೇಶದಲ್ಲಿ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಒಂದೇ ಬಾರಿ ಕೇಳಿಸುತ್ತಾರೆ, ಕೇಂಬ್ರಿಡ್ಜ್‌ನ ಸಿ2 ಪರೀಕ್ಷೆಯಲ್ಲಿ ಎರಡು ಬಾರಿ. ಉಪನ್ಯಾಸದ ಟಿಪ್ಪಣಿ ಮಾಡಿಕೊಳ್ಳುವ ಪ್ರಶ್ನೆಗೆ ಒಂದು ಬಾರಿ ಸಾಕು, ಏಕೆಂದರೆ ನಿಜವಾದ ತರಗತಿಯಲ್ಲಿ ಎರಡನೆಯ ಅವಕಾಶ ಇರುವುದಿಲ್ಲ. ಮಾತಿನ ಸೂಕ್ಷ್ಮ ಧಾಟಿಯನ್ನು ಕೇಳುವ ಪ್ರಶ್ನೆಗೆ ಎರಡು ಬಾರಿ ನ್ಯಾಯ. ಉಚ್ಚಾರಣೆಯೂ ಒಂದೇ ದೇಶದ್ದಾಗಿರಬಾರದು.

ಐದನೆಯ ಹೆಜ್ಜೆ: ಭಾಷಾ ಬಳಕೆಯ ಭಾಗ

ಭಾಷಾವಿಜ್ಞಾನಿ ರಾಬರ್ಟ್ ಲಾಡೊ 1961ರಲ್ಲಿ ಭಾಷೆಯನ್ನು ಧ್ವನಿ, ವ್ಯಾಕರಣ, ಪದ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವ ದಾರಿಯನ್ನು ವಿವರವಾಗಿ ಹಾಕಿಕೊಟ್ಟರು. ಅದೇ ವರ್ಷ ಮನೋವಿಜ್ಞಾನಿ ಜಾನ್ ಕ್ಯಾರಲ್ ಅವೆಲ್ಲ ಒಟ್ಟಿಗೆ ಕೆಲಸ ಮಾಡುವುದನ್ನು ನೋಡುವ ಸಮಗ್ರ ಪ್ರಶ್ನೆಗಳೂ ಬೇಕೆಂದು ವಾದಿಸಿದರು. ಭಾಷಾ ವಿದ್ಯಾರ್ಥಿಗಳಿಗೆ ಎರಡನೆಯ ಬಗೆಯೇ ಹೆಚ್ಚು ಒಗ್ಗುತ್ತದೆ. ವಿಲ್ಸನ್ ಟೇಲರ್ 1953ರಲ್ಲಿ ರೂಪಿಸಿದ ಕ್ಲೋಜ್ ವಿಧಾನದಲ್ಲಿ ಮೊದಲ ವಾಕ್ಯವನ್ನು ಇಡಿಯಾಗಿ ಹಾಗೆಯೇ ಉಳಿಸಿ, ಆಮೇಲೆ ಪ್ರತಿ ಏಳನೆಯ ಪದವನ್ನೋ ಅಂಥದೇ ನಿಯತ ಅಂತರದ ಪದವನ್ನೋ ತೆಗೆದು ಖಾಲಿ ಬಿಡುವುದು ರೂಢಿ. 1981ರಲ್ಲಿ ಬಂದ ಸಿ-ಟೆಸ್ಟ್‌ನಲ್ಲಿ ಎರಡನೆಯ ವಾಕ್ಯದಿಂದ ಆರಂಭಿಸಿ ಒಂದು ಬಿಟ್ಟು ಒಂದು ಪದದ ಉತ್ತರಾರ್ಧವನ್ನು ಅಳಿಸುತ್ತಾರೆ. ಸಿ-ಟೆಸ್ಟ್‌ಗೆ ತಯಾರಿ ಕಡಿಮೆ, ತಿದ್ದುವುದೂ ಬೇಗ. ತರಗತಿ ಹಂಚಿಕೆಗೆ ಅದು ಒಳ್ಳೆಯ ಸಾಧನ.

ಪದವಿಯ ಕೊನೆಯ ಪರೀಕ್ಷೆಗೆ ಮಾತ್ರ ನಾನು ತಪ್ಪು ತಿದ್ದುವ ಪ್ರಶ್ನೆಯನ್ನೇ ಆರಿಸುತ್ತೇನೆ. ಟೆಮ್-8ರಲ್ಲಿ ಹತ್ತು ತಪ್ಪುಗಳಿರುವ ಒಂದು ಗದ್ಯಭಾಗವನ್ನು ಕೊಟ್ಟು, ತಪ್ಪು ಪದವಿದ್ದರೆ ಬದಲಿಸಿ, ಪದ ಬಿಟ್ಟುಹೋಗಿದ್ದರೆ ಸೇರಿಸಿ, ಬೇಡದ ಪದವಿದ್ದರೆ ಹೊಡೆದುಹಾಕಿ ಎಂದು ಕೇಳುತ್ತಾರೆ. ಮುಂದೆ ಕರಡು ತಿದ್ದುವ, ಮಕ್ಕಳ ಬರವಣಿಗೆ ತಿದ್ದುವ, ಅನುವಾದ ಪರಿಶೀಲಿಸುವ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದಿಲ್ಲ. ಈ ಪ್ರಶ್ನೆಗೆ ಬೇಕಾದ ತಪ್ಪುಗಳನ್ನು ಹಿಂದಿನ ವರ್ಷದ ಉತ್ತರಪತ್ರಿಕೆಗಳಿಂದಲೇ ಆಯ್ದುಕೊಳ್ಳಿ. ಆರ್ಟಿಕಲ್ ಬಿಟ್ಟುಹೋದದ್ದು, ಕರ್ತೃ ದೂರ ಉಳಿದಾಗ ಕ್ರಿಯಾಪದದ ವಚನ ತಪ್ಪಿದ್ದು, ಎರಡು ವಾಕ್ಯಗಳ ನಡುವೆ ‘ಆದ್ದರಿಂದ’ ಬರಬೇಕಾದಲ್ಲಿ ‘ಆದರೆ’ ಬಂದದ್ದು, ಹೀಗೆ.

ಆರನೆಯ ಹೆಜ್ಜೆ: ಬರವಣಿಗೆ

ಒಂದೇ ದೊಡ್ಡ ಪ್ರಬಂಧಕ್ಕಿಂತ ಎರಡು ಬೇರೆ ಬಗೆಯ ಬರಹಗಳು ಮೇಲು. ಒಂದು ಪ್ರಶ್ನೆ ಓದಿದ್ದನ್ನು ಆಧರಿಸಿರಲಿ: ಒಂದೇ ವಿಷಯದ ಬಗ್ಗೆ ಭಿನ್ನ ನಿಲುವು ತಳೆದ ಎರಡು ಚಿಕ್ಕ ಬರಹಗಳನ್ನು ಕೊಟ್ಟು, ಎರಡನ್ನೂ ಸಂಗ್ರಹಿಸಿ ತಮ್ಮ ಅಭಿಪ್ರಾಯವನ್ನು 300 ಪದಗಳಲ್ಲಿ ಬರೆಯಲು ಕೇಳಿ. ಇನ್ನೊಂದು ಗೊತ್ತಾದ ಓದುಗರಿಗೆ ಬರೆಯುವ 150 ಪದಗಳ ಪತ್ರವೋ ವರದಿಯೋ ಆಗಿರಲಿ. ಯಾರಿಗೆ, ಯಾವ ಸಂದರ್ಭದಲ್ಲಿ, ಯಾತಕ್ಕಾಗಿ ಬರೆಯುತ್ತಿದ್ದೇವೆ ಎಂಬುದು ಪ್ರಶ್ನೆಯಲ್ಲೇ ಇರಬೇಕು. ಆಯ್ಕೆಗೆ ಮೂರು ನಾಲ್ಕು ವಿಷಯ ಕೊಡುವ ರೂಢಿಯನ್ನು ಬಿಡುವುದು ಒಳ್ಳೆಯದು. ಬೇರೆ ಬೇರೆ ವಿಷಯಗಳ ಮೇಲೆ ಬರೆದವರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ.

ಅಂಕ ನೀಡಲು ರೂಬ್ರಿಕ್, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂದು ಹಂತಹಂತವಾಗಿ ವಿವರಿಸುವ ಪಟ್ಟಿ, ಬೇಕು. ಪ್ರಶ್ನೆಗೆ ಸ್ಪಂದಿಸಿದ ಬಗೆ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ನಿಖರತೆ ಎಂಬ ನಾಲ್ಕು ಮಾನದಂಡಗಳನ್ನು ಐಇಎಲ್‌ಟಿಎಸ್ ಬಳಸುತ್ತದೆ, ಅವನ್ನು ಆಧಾರವಾಗಿಟ್ಟುಕೊಳ್ಳಬಹುದು. ಪ್ರತಿ ಮಾನದಂಡಕ್ಕೂ ಐದು ಹಂತ ಸಾಕು. ಹಂತಗಳನ್ನು ‘ಉತ್ತಮ’, ‘ಸಾಧಾರಣ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ‘ಸಂಕೀರ್ಣ ವಾಕ್ಯಗಳಿಗೆ ಪ್ರಯತ್ನಿಸುತ್ತಾರೆ, ಅವುಗಳಲ್ಲಿ ತಪ್ಪುಗಳಿದ್ದರೂ ಅರ್ಥ ಕೆಡುವುದಿಲ್ಲ’ ಎಂದು ಕಣ್ಣಿಗೆ ಕಾಣುವಂತೆ ಬರೆಯಬೇಕು.

ಮೌಲ್ಯಮಾಪಕರನ್ನು ಒಂದೆಡೆ ಕೂರಿಸುವುದು ಈ ಇಡೀ ಕೆಲಸದ ಜೀವಾಳ ಎಂದು ನಾನು ನಂಬಿದ್ದೇನೆ. ಮೌಲ್ಯಮಾಪನ ಆರಂಭವಾಗುವ ಹಿಂದಿನ ದಿನ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು, ಮೊದಲೇ ಆರಿಸಿಟ್ಟ ಆರೇಳು ಉತ್ತರಪತ್ರಿಕೆಗಳಿಗೆ ಪರಸ್ಪರ ಮಾತಾಡದೆ ಅಂಕ ಹಾಕಿ, ಬಳಿಕ ಅಂಕಗಳನ್ನು ಬೋರ್ಡಿನ ಮೇಲೆ ಬರೆಯಬೇಕು. ಅಂಥ ಒಂದು ಬೆಳಗ್ಗೆ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಪತ್ರಿಕೆಗೆ ಒಬ್ಬರು 20ಕ್ಕೆ 15 ಕೊಟ್ಟಿದ್ದರು, ಇನ್ನೊಬ್ಬರು 9. ಇಬ್ಬರೂ ಅನುಭವಿಗಳು, ಇಬ್ಬರೂ ಗಂಭೀರವಾಗಿ ಓದಿದ್ದವರು. ಪತ್ರಿಕೆಯನ್ನು ಗಟ್ಟಿಯಾಗಿ ಓದಿದಾಗ ವಿಷಯ ಬಯಲಾಯಿತು. ಮೊದಲ ಪ್ಯಾರಾ ಅಚ್ಚುಕಟ್ಟಾಗಿತ್ತು, ದೊಡ್ಡ ದೊಡ್ಡ ನುಡಿಗಟ್ಟುಗಳಿದ್ದವು, ಒಂದೂ ತಪ್ಪಿರಲಿಲ್ಲ. ಯಾವ ವಿಷಯಕ್ಕಾದರೂ ಅಂಟಿಸಬಹುದಾದ ಕಂಠಪಾಠದ ಆರಂಭ ಅದು. ಪ್ರಶ್ನೆಗೆ ನಿಜವಾಗಿ ಉತ್ತರ ಕೊಡಬೇಕಾಗಿ ಬಂದ ಮೂರನೆಯ ಪ್ಯಾರಾದಲ್ಲಿ ವಾಕ್ಯಗಳು ಮುರಿದು ಬಿದ್ದಿದ್ದವು. ಮೊದಲಿನವರು ಆರಂಭಕ್ಕೆ ಮಾರುಹೋಗಿದ್ದರು, ಎರಡನೆಯವರು ಮೋಸಹೋದ ಸಿಟ್ಟಿನಲ್ಲಿ ಉಳಿದ ಒಳ್ಳೆಯ ಅಂಶಗಳನ್ನೂ ಬದಿಗಿಟ್ಟಿದ್ದರು. ಅರ್ಧ ಗಂಟೆಯ ಚರ್ಚೆಯ ಬಳಿಕ ಎಲ್ಲರೂ 11ಕ್ಕೆ ಒಪ್ಪಿದರು, ಮತ್ತು ‘ಪ್ರಶ್ನೆಗೆ ಸಂಬಂಧಪಡದ ಕಂಠಪಾಠದ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು’ ಎಂಬ ವಾಕ್ಯ ಅಂದೇ ರೂಬ್ರಿಕ್‌ಗೆ ಸೇರಿತು.

ಇದಾದ ಮೇಲೂ ಪ್ರತಿ ಪತ್ರಿಕೆಯನ್ನು ಇಬ್ಬರು ಸ್ವತಂತ್ರವಾಗಿ ತಿದ್ದಬೇಕು. ಮೊದಲಿನವರ ಅಂಕ ಎರಡನೆಯವರಿಗೆ ಕಾಣಬಾರದು. ಅಂಕಗಳನ್ನು ಪತ್ರಿಕೆಯ ಮೇಲೆ ಬರೆಯದೆ ಪ್ರತ್ಯೇಕ ಹಾಳೆಯಲ್ಲಿ ಬರೆಯುವುದು ಸರಳ ದಾರಿ. 20 ಅಂಕಗಳಲ್ಲಿ ಮೂರಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರಿಗೆ ಕಳಿಸಿ, ಇಲ್ಲದಿದ್ದರೆ ಸರಾಸರಿ ತೆಗೆಯಿರಿ.

ಏಳನೆಯ ಹೆಜ್ಜೆ: ಮಾತು

ಮಾತಿನ ಪರೀಕ್ಷೆಗೆ ಇಬ್ಬರು ಪರೀಕ್ಷಕರಿರಲಿ. ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಬದಿಯಲ್ಲಿ ಕುಳಿತು ಕೇಳುತ್ತ ಅಂಕ ಹಾಕುತ್ತಾರೆ. ಕೇಂಬ್ರಿಡ್ಜ್ ಪರೀಕ್ಷೆಗಳ ಈ ಪದ್ಧತಿಯಿಂದ ಮಾತಾಡಿಸುವವರು ವಿವರವಾದ ಅಂಕಗಳ ಚಿಂತೆಯಿಲ್ಲದೆ ವಿದ್ಯಾರ್ಥಿಯ ಮುಖ ನೋಡಿ ಮಾತಾಡಲು ಸಾಧ್ಯವಾಗುತ್ತದೆ. ಎರಡು ನಿಮಿಷ ಪರಿಚಯದ ಮಾತು, ಒಂದು ವಿಷಯದ ಮೇಲೆ ಒಂದು ನಿಮಿಷ ಯೋಚಿಸಿ ಎರಡು ನಿಮಿಷ ಮಾತು, ಉಳಿದ ಸಮಯ ಚರ್ಚೆ ಎಂಬ ಕ್ರಮ ಚೆನ್ನಾಗಿ ನಡೆಯುತ್ತದೆ. ಇಬ್ಬರು ವಿದ್ಯಾರ್ಥಿಗಳನ್ನು ಒಟ್ಟಿಗೆ ಕರೆದು ಪರಸ್ಪರ ಚರ್ಚಿಸಲು ಬಿಟ್ಟರೆ, ಒಪ್ಪದಿರುವುದು, ಸ್ಪಷ್ಟೀಕರಣ ಕೇಳುವುದು, ಮಾತಿನ ಸರದಿ ಬಿಟ್ಟುಕೊಡುವುದು ಇವೂ ಕಾಣುತ್ತವೆ. ಅಧ್ಯಾಪಕರ ಎದುರು ಕುಳಿತು ಬರಿ ಉತ್ತರ ಕೊಡುವಾಗ ಇವು ಹೊರಬರುವುದೇ ಇಲ್ಲ.

ಮಾತಾಡಿಸುವವರು ಕೇಳುವ ಪ್ರಶ್ನೆಗಳು ಮೊದಲೇ ಬರೆದಿರಲಿ, ಎಲ್ಲರಿಗೂ ಒಂದೇ ಮಟ್ಟದಲ್ಲಿರಲಿ. ಕರುಣೆಯಿಂದ ಒಬ್ಬರಿಗೆ ಪದ ಸೂಚಿಸಿ ಇನ್ನೊಬ್ಬರನ್ನು ಮೌನದಲ್ಲಿ ಬಿಟ್ಟರೆ ಅಳತೆ ಕೆಟ್ಟಿತು. ಉಚ್ಚಾರಣೆಯಲ್ಲಿ ನೋಡಬೇಕಾದದ್ದು ಕೇಳುಗರಿಗೆ ಸಲೀಸಾಗಿ ಅರ್ಥವಾಗುತ್ತದೆಯೇ ಎಂಬುದನ್ನು. ಮಾತೃಭಾಷೆಯ ಧಾಟಿ ಉಳಿದಿರುವುದಕ್ಕೆ ಅಂಕ ಕಡಿಯಬಾರದು. ಎಲ್ಲ ಸಂಭಾಷಣೆಗಳನ್ನೂ ಧ್ವನಿಮುದ್ರಿಸಿಡಿ, ಮರುಪರಿಶೀಲನೆಗೆ ಬೇರೆ ಆಧಾರ ಇರುವುದಿಲ್ಲ.

ಎಂಟನೆಯ ಹೆಜ್ಜೆ: ಮೊದಲು ಚಿಕ್ಕ ಗುಂಪಿಗೆ ಕೊಟ್ಟು ನೋಡಿ

ಗುಟ್ಟು ಹೊರಬೀಳದಂತೆ, ಈ ಪರೀಕ್ಷೆಗೆ ಕೂರದ ಆದರೆ ಅದೇ ಮಟ್ಟದ 50–60 ವಿದ್ಯಾರ್ಥಿಗಳಿಗೆ ಪ್ರಶ್ನೆಗಳನ್ನು ಕೊಟ್ಟು ನೋಡಬೇಕು. ಬಂದ ಉತ್ತರಗಳಿಂದ ಎರಡು ಲೆಕ್ಕ ಮಾಡಿದರೆ ಸಾಕು. ಮೊದಲನೆಯದು ಸುಲಭತೆ: ಸರಿಯಾಗಿ ಉತ್ತರಿಸಿದವರ ಪ್ರಮಾಣ. ಇದು 0.3ರಿಂದ 0.8ರೊಳಗೆ ಇದ್ದರೆ ಪ್ರಶ್ನೆ ಉಪಯುಕ್ತ. ಎರಡನೆಯದು ಭೇದಶಕ್ತಿ: ಒಟ್ಟು ಅಂಕದಲ್ಲಿ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ವಿದ್ಯಾರ್ಥಿಗಳನ್ನು ಬೇರ್ಪಡಿಸಿ, ಎರಡೂ ಗುಂಪುಗಳಲ್ಲಿ ಆ ಪ್ರಶ್ನೆಗೆ ಎಷ್ಟು ಜನ ಸರಿಯುತ್ತರ ಕೊಟ್ಟರು ಎಂದು ಹೋಲಿಸುವುದು. 60 ಜನರಲ್ಲಿ ಪ್ರತಿ ಗುಂಪಿಗೆ 16 ಜನ. ಮೇಲಿನ 16ರಲ್ಲಿ 14, ಕೆಳಗಿನ 16ರಲ್ಲಿ 5 ಸರಿಯಾಗಿದ್ದರೆ ಭೇದಶಕ್ತಿ 9/16, ಅಂದರೆ ಸುಮಾರು 0.56. ಒಳ್ಳೆಯ ಪ್ರಶ್ನೆ. 0.3ಕ್ಕಿಂತ ಕಡಿಮೆಯಿದ್ದರೆ ಅನುಮಾನದಿಂದ ನೋಡಿ.

ಋಣಸಂಖ್ಯೆ ಬಂದರೆ ತಪ್ಪು ಸಾಮಾನ್ಯವಾಗಿ ನಮ್ಮದೇ. ಲೇಖಕರ ನಿಲುವೇನು ಎಂದು ಕೇಳಿದ್ದ ಒಂದು ಪ್ರಶ್ನೆಗೆ ‘ತಟಸ್ಥ’ ಎಂಬುದನ್ನು ಸರಿಯುತ್ತರವೆಂದು ಇಟ್ಟುಕೊಂಡಿದ್ದೆವು. ಮೇಲಿನ ಗುಂಪಿನಲ್ಲಿ 6 ಜನ, ಕೆಳಗಿನ ಗುಂಪಿನಲ್ಲಿ 9 ಜನ ಅದನ್ನು ಗುರುತಿಸಿದ್ದರು. ಗದ್ಯಭಾಗವನ್ನು ಮತ್ತೆ ಓದಿದಾಗ ಕೊನೆಯ ವಾಕ್ಯದ ಒಂದೇ ಒಂದು ಸಹಾಯಕ ಕ್ರಿಯಾಪದದಲ್ಲಿ ಲೇಖಕರ ಸಂಶಯ ಅಡಗಿತ್ತು. ಒಳ್ಳೆಯ ಓದುಗರು ಅದನ್ನು ಹಿಡಿದು ‘ಸಂಶಯ’ವನ್ನು ಆರಿಸಿದ್ದರು. ಪ್ರಶ್ನೆ ಬರೆದ ನಾವು ಅದನ್ನು ಕಂಡಿರಲಿಲ್ಲ.

ಒಂಬತ್ತನೆಯ ಹೆಜ್ಜೆ: ತೇರ್ಗಡೆಯ ಗೆರೆ

ಶೇ. 40 ಅಥವಾ 50 ಎಂದು ರೂಢಿಯ ಮೇಲೆ ಗೆರೆ ಎಳೆಯುವುದಕ್ಕೆ ಆಧಾರವಿಲ್ಲ. ಕಷ್ಟದ ಪತ್ರಿಕೆಯಲ್ಲಿ 50 ಹೆಚ್ಚಾಗಬಹುದು, ಸುಲಭದ್ದರಲ್ಲಿ ಕಡಿಮೆಯಾಗಬಹುದು. ಪರೀಕ್ಷಾ ಮಾಪನದ ತಜ್ಞ ವಿಲಿಯಂ ಆ್ಯಂಗಾಫ್ 1971ರಲ್ಲಿ ಸೂಚಿಸಿದ ವಿಧಾನ ಯಾವ ವಿಭಾಗಕ್ಕಾದರೂ ಕೈಗೆಟುಕುವಂಥದು. ಎಂಟು ಹತ್ತು ಅಧ್ಯಾಪಕರು ಕುಳಿತು, ಗುರಿಯ ಮಟ್ಟವನ್ನು ಈಗಷ್ಟೇ ಮುಟ್ಟಿದ, ಗೆರೆಯ ಮೇಲೆಯೇ ನಿಂತಿರುವ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಅಂಥ ನೂರು ಜನರಲ್ಲಿ ಎಷ್ಟು ಜನ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಾರೆ ಎಂದು ಒಂದೊಂದೇ ಪ್ರಶ್ನೆಗೆ ಪ್ರತಿಯೊಬ್ಬರೂ ಅಂದಾಜು ಬರೆಯುತ್ತಾರೆ. 40 ಪ್ರಶ್ನೆಗಳ ಅಂದಾಜುಗಳ ಸರಾಸರಿ 0.58 ಬಂದರೆ ಗೆರೆ 23ರ ಬಳಿ ನಿಲ್ಲುತ್ತದೆ. ಮೊದಲ ಸುತ್ತಿನ ಬಳಿಕ ಪ್ರಾಯೋಗಿಕ ಗುಂಪಿನ ಸುಲಭತೆಯ ಅಂಕಿಗಳನ್ನು ತೋರಿಸಿ, ಅಂದಾಜನ್ನು ತಿದ್ದಲು ಎರಡನೆಯ ಸುತ್ತು ಕೊಡುವುದು ಹಿತಕರ.

ಗೆರೆಯ ಆಸುಪಾಸಿನಲ್ಲಿರುವವರ ಬಗ್ಗೆ ವಿಶೇಷ ಎಚ್ಚರ ಬೇಕು. ಯಾವ ಅಂಕವೂ ಕರಾರುವಾಕ್ಕಲ್ಲ. ಪರೀಕ್ಷೆಯ ವಿಶ್ವಾಸಾರ್ಹತೆ (ಅಂಕಗಳು ಎಷ್ಟು ಸ್ಥಿರ ಎಂಬುದರ ಅಳತೆ, ಗರಿಷ್ಠ 1) 0.84, ಅಂಕಗಳ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಅಂಕಗಳು ಎಷ್ಟು ಹರಡಿವೆ ಎಂಬುದರ ಅಳತೆ) 10 ಎಂದಿಟ್ಟುಕೊಳ್ಳಿ. ಒಂದರಿಂದ 0.84 ಕಳೆದರೆ 0.16, ಅದರ ವರ್ಗಮೂಲ 0.4, ಅದನ್ನು 10ರಿಂದ ಗುಣಿಸಿದರೆ 4. ಮಾಪನದ ಪ್ರಮಾಣಿತ ದೋಷ ಅಷ್ಟು. 60ಕ್ಕೆ ಗೆರೆಯಿದ್ದಾಗ 58 ಪಡೆದವರಿಗೂ 61 ಪಡೆದವರಿಗೂ ನಿಜವಾದ ವ್ಯತ್ಯಾಸವಿದೆಯೆಂದು ಈ ಪರೀಕ್ಷೆ ಖಚಿತವಾಗಿ ಹೇಳಲಾರದು. ಆದ್ದರಿಂದ ಗೆರೆಗಿಂತ ನಾಲ್ಕು ಅಂಕಗಳವರೆಗೆ ಕೆಳಗಿರುವ ಎಲ್ಲರ ಬರವಣಿಗೆಯನ್ನೂ ಮಾತಿನ ಧ್ವನಿಮುದ್ರಿಕೆಯನ್ನೂ ಫಲಿತಾಂಶ ಪ್ರಕಟಿಸುವ ಮೊದಲೇ, ಅವರು ಕೇಳದಿದ್ದರೂ, ಇನ್ನೊಮ್ಮೆ ನೋಡಬೇಕು.

ಪರೀಕ್ಷೆಯ ದಿನ ಮತ್ತು ಅದರ ನಂತರ

ಪರೀಕ್ಷೆಯ ದಿನದ ಬಹುತೇಕ ವ್ಯವಸ್ಥೆ ಇತರ ಪರೀಕ್ಷೆಗಳಂತೆಯೇ. ಆಲಿಸುವಿಕೆಯ ಭಾಗಕ್ಕೆ ಮಾತ್ರ, ಹಿಂದಿನ ದಿನ ಅದೇ ಕೋಣೆಯಲ್ಲಿ, ಅದೇ ಸ್ಪೀಕರಿನಲ್ಲಿ, ಕಟ್ಟಕಡೆಯ ಬೆಂಚಿನಲ್ಲಿ ಕುಳಿತು ಧ್ವನಿಮುದ್ರಿಕೆಯನ್ನು ಪೂರ್ತಿ ಕೇಳಿ ನೋಡಿ. ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವವರಿಗೆ ದೊಡ್ಡಕ್ಷರದ ಅಥವಾ ಬ್ರೈಲ್ ಪತ್ರಿಕೆ, ಹೆಚ್ಚುವರಿ ಸಮಯ, ಪ್ರತ್ಯೇಕ ಕೋಣೆ ಇವುಗಳನ್ನು ಅರ್ಜಿ ತುಂಬುವ ಹಂತದಲ್ಲೇ ಕೇಳಿ ತಿಳಿದುಕೊಳ್ಳಿ.

ಫಲಿತಾಂಶವನ್ನು ಒಂದೇ ಒಟ್ಟಂಕವಾಗಿ ಕೊಡಬೇಡಿ. ಓದು, ಆಲಿಸುವಿಕೆ, ಬರವಣಿಗೆ, ಮಾತು ಪ್ರತಿಯೊಂದರ ಅಂಕದ ಪಕ್ಕದಲ್ಲಿ, ಎರಡನೆಯ ಹೆಜ್ಜೆಯಲ್ಲಿ ಬರೆದುಕೊಂಡ ವಾಕ್ಯಗಳಿಂದ ಒಂದೋ ಎರಡೋ ಇರಲಿ. ‘ಬರವಣಿಗೆ 11’ ಎಂಬುದನ್ನು ಓದಿದ ವಿದ್ಯಾರ್ಥಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ವಿಚಾರಗಳು ಸ್ಪಷ್ಟವಾಗಿವೆ; ದೀರ್ಘ ವಾಕ್ಯಗಳಲ್ಲಿ ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ ತಪ್ಪುತ್ತದೆ’ ಎಂದು ಓದಿದವರು ಮರುದಿನವೇ ಕೆಲಸ ಆರಂಭಿಸಬಹುದು. ಪ್ರಶ್ನೆಗಳ ಸುಲಭತೆ, ಭೇದಶಕ್ತಿ, ಮೌಲ್ಯಮಾಪಕರ ನಡುವಿನ ಅಂತರ, ಬೋರ್ಡಿನ ಮೇಲೆ ಚರ್ಚೆಯಾದ ಆ ಆರೇಳು ಉತ್ತರಪತ್ರಿಕೆಗಳ ಹೆಸರಿಲ್ಲದ ಪ್ರತಿಗಳು, ಇವೆಲ್ಲವನ್ನೂ ಒಂದು ಕಡತದಲ್ಲಿ ಇಟ್ಟು, ಮುಂದಿನ ವರ್ಷ ಪ್ರಶ್ನೆಪತ್ರಿಕೆ ರಚಿಸುವವರು ಮೊದಲ ಸಭೆಗೆ ಬರುವ ಮುನ್ನವೇ ಅವರ ಕೈಗೆ ಕೊಡಿ.